ಅಳಿಲು ವೈದ್ಯರ ಸಲಹೆ

ಬೇಟೆನಾಯಿಯೊಂದು ದಿನಾ ಅಟ್ಟಿಸಿಕೊಂಡು ಬರುತ್ತಿದ್ದುದರಿಂದ ಮೊಲಕ್ಕೆ ಓಟವೇ ಬದುಕಾಗಿತ್ತು. ಅಂದು ನಾಯಿ ಬರುವುದು ತಡವಾಯಿತು. ಸುಮ್ಮನೆ ಕೂತ ಮೊಲಕ್ಕೆ ಏನೋ ಕಸಿವಿಸಿಯಾಗಿ, ವೈದ್ಯ ಅಳಿಲಿಗೆ ಎದೆ ತೋರಿಸಿತು.

ಅಳಿಲು ಕಿವಿಯಿಟ್ಟು ಕೇಳಿ ಮುಖ ಸಪ್ಪಗೆ ಮಾಡಿಕೊಂಡಿತು. "ಹೃದಯ ದೊಡ್ಡದಾಗಿದೆ. ಒಂದು ಬಡಿತವಾದ ಮೇಲೆ ಇನ್ನೊಂದಕ್ಕೆ ಕಾದು ಕೂರಬೇಕು. ನನ್ನದು ನೋಡಿ, ಕೂತಲ್ಲೇ ಪಟಪಟ ಎನ್ನುತ್ತದೆ. ಆರೋಗ್ಯವೆಂದರೆ ಅದು. ನೀವಿನ್ನು ಓಡಲೇಬಾರದು."

"ನಾಯಿ ಬಂದರೆ?"

"ನಿಧಾನವಾಗಿ ನಡೆಯಿರಿ."

ಅಷ್ಟರಲ್ಲಿ ಪೊದೆಯಿಂದ ನಾಯಿ ನುಗ್ಗಿತು. ಅಳಿಲು ಮರ ಹತ್ತಿತು. ಮೊಲ ವೈದ್ಯರ ಮಾತಿಗೆ ಬೆಲೆ ಕೊಟ್ಟು ಒಂದೆರಡು ಹೆಜ್ಜೆ ನಡೆಯಿತು. ಆಮೇಲೆ ಕಾಲುಗಳು ಅದರ ಮಾತು ಕೇಳಲಿಲ್ಲ. ಗುಡ್ಡವನ್ನೆಲ್ಲ ಸುತ್ತಿ ಬಿಲ ಹೊಕ್ಕಾಗ ಎದೆ ನಗಾರಿಯಾಗಿತ್ತು, ಆದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಶಾಂತವಾಯಿತು. ಓಡಿ ಓಡಿ ಬಲಿತು, ಒಂದೇ ಬಡಿತಕ್ಕೆ ಎರಡು ಬಡಿತದ ರಕ್ತ ದೂಡುವ ಹೃದಯಕ್ಕೆ ಕೂತಾಗ ಅವಸರವಾದರೂ ಏಕೆ ಎಂದು ಮೊಲಕ್ಕೆ ಹೊಳೆದದ್ದು ಆಗಲೇ. ಮರದ ಮೇಲೆ ವೈದ್ಯರು ಇನ್ನೂ ಏದುಸಿರು ಬಿಡುತ್ತಿದ್ದರು.

ನಾಯಿ ಬಿಲದ ಬಾಯಿಗೆ ಬಂದು ಕೇಳಿತು, "ಇವತ್ತು ನಡೆಯಲು ಶುರುಮಾಡಿದಿರಲ್ಲ, ಏಕೆ?"

"ಹೃದಯ ದೊಡ್ಡದಾಗಿದೆ, ಓಡಬೇಡಿ ಎಂದರು ವೈದ್ಯರು."

"ನನಗೂ ಬೆಳಿಗ್ಗೆ ಹಾಗೇ ಹೇಳಿದರು. ಅದೇ ಚಿಂತೆಯಲ್ಲಿ ತಡವಾಯಿತು. ಈಗೇನು ಮಾಡೋಣ?"

ಮೊಲ ಗಂಭೀರವಾಗಿ ಯೋಚಿಸಿತು.

"ನನ್ನದು ಹೇಗೋ ಆಗುತ್ತದೆ. ನೀವು ಮಾತ್ರ ವೈದ್ಯರ ಮಾತು ಮೀರಬೇಡಿ."