ಕದಲಿಸಿದ ಗಣಪತಿ

ಊರಿನ ಅಂಚಿನಲ್ಲಿ ಒಂದು ಕೆರೆ. ಕೆರೆಯ ದಂಡೆಯ ಮೇಲೆ ಒಂದು ಮಠ. ಮಠವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೇ.

ಅಲ್ಲಿದ್ದವರು ಇಬ್ಬರೇ. ಗುರು ಕಲ್ಮೇಶಜ್ಜ, ಶಿಷ್ಯ ಹೊಳೆಬಸಪ್ಪ.

ಹೊಳೆಬಸಪ್ಪ ಮೀಸೆ ಮೂಡುವ ಮೊದಲೇ ಅಲ್ಲಿಗೆ ಬಂದವನು. ಈಗ ಅವನ ಗಡ್ಡದಲ್ಲೂ ಬಿಳಿ ಇಣುಕುತ್ತಿತ್ತು. ಅಷ್ಟು ವರ್ಷ ಅಜ್ಜನಿಗೆ ನೀರು ಕಾಯಿಸಿದವನು, ರೊಟ್ಟಿ ಬಡಿದವನು, ರಾತ್ರಿ ಕಾಲೊತ್ತಿದವನು ಅವನೇ. ಬೇರೆ ಯಾರೂ ಇರಲಿಲ್ಲ, ಬೇರೆ ಯಾರಾದರೂ ಬಂದರೂ ಅವನು ಮಾಡಗೊಡುತ್ತಿರಲಿಲ್ಲ.

ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಅಜ್ಜನ ಕಾಲು ಬಾತವು. ಹೊಟ್ಟೆಯಲ್ಲಿ ನೀರು ತುಂಬಿತು. ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದರು, ಮತ್ತೆ ನೋಡಿದರು, ಕೊನೆಗೆ ಹೊಳೆಬಸಪ್ಪನನ್ನು ಹೊರಗೆ ಕರೆದರು.

"ಮಠಕ್ಕ ಕರಕೊಂಡ ಹೋಗ್ರಿ. ಅವರು ಏನ್ ಕೇಳ್ತಾರೋ ಅದನ್ನ ಕೊಡ್ರಿ," ಎಂದರು.

ಈ ಮಾತಿನ ಅರ್ಥ ಯಾರಿಗಾದರೂ ಆಗುತ್ತದೆ. ಹೊಳೆಬಸಪ್ಪನಿಗೂ ಆಯಿತು. ಆದದ್ದರಿಂದಲೇ ಅವನು ಅದನ್ನು ಒಪ್ಪಲಿಲ್ಲ.

ದೂರದ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಫೋನು ಮಾಡಿ ವಿಚಾರಿಸಿದ. ಅವರು, "ಕರೆದುಕೊಂಡು ಬನ್ನಿ, ನೋಡೋಣ, ಭರವಸೆ ಮಾತ್ರ ಕೊಡಲಾರೆವು," ಎಂದರು. ಅವನ ಕಿವಿಗೆ ಬಿದ್ದದ್ದು 'ನೋಡೋಣ' ಎಂಬ ಮಾತೊಂದೇ. ಮರುದಿನ ಬೆಳಿಗ್ಗೆ ಬರುವಂತೆ ಆಂಬುಲೆನ್ಸಿನವನಿಗೆ ಹೇಳಿಬಿಟ್ಟ.

ಅಜ್ಜನಿಗೆ ಆಮೇಲೆ ಹೇಳಿದ.

"ನಾ ಇಲ್ಲೇ ಇರ್ತೇನಿ," ಎಂದರು ಅಜ್ಜ.

"ಅದಾಗೂದಿಲ್ರಿ ಅಜ್ಜಾರ."

"ಹಂಗಾರ ಒಂದ್ ಕೆಲಸಾ ಮಾಡು. ಇವತ್ತ ಊರಾಗಿನ ಗಣಪತಿಗೋಳನ್ನ ತೋರಸು. ಆಮ್ಯಾಲೆ ನೀ ಹೇಳಿದಂಗ ಕೇಳ್ತೇನಿ."

"ಖರೇನ?"

"ನಾ ಯಾವಾಗರ ಮಾತು ತಪ್ಪೇನೇನು?"

"ಚಾ ಬಿಡ್ತೇನಿ ಅಂತ ಹೇಳಿ ಎಷ್ಟ್ ಸಲ ತಪ್ಪೀರಿ."

"ಚಾದ ಮಾತು ಬ್ಯಾರೆ," ಎಂದರು ಅಜ್ಜ.

ಹೊಳೆಬಸಪ್ಪ ಒಪ್ಪಿದ. ಒಪ್ಪಿದ್ದಕ್ಕೆ ಅಜ್ಜನ ಆಸೆಯೊಂದೇ ಕಾರಣವಲ್ಲ. ಆ ಊರಿನಲ್ಲಿ ಓಣಿಗೊಂದು ಗಣಪತಿ ಕೂರಿಸುತ್ತಾರೆ. ಒಂದೊಂದರ ಮುಂದೆಯೂ ನಿಂತು ಅಜ್ಜನ ಆಯುಷ್ಯ ಬೇಡಿಕೊಳ್ಳಬಹುದು, ಒಬ್ಬ ಗಣಪತಿ ಕೇಳದಿದ್ದರೆ ಇನ್ನೊಬ್ಬ ಕೇಳಿಯಾನು ಎಂಬುದು ಅವನ ಮನಸ್ಸಿನಲ್ಲಿತ್ತು. ಎಲ್ಲ ಗಣಪತಿಯೂ ಒಬ್ಬನೇ ಎಂದು ಅಜ್ಜನೇ ಅವನಿಗೆ ಕಲಿಸಿದ್ದರು. ಆದರೆ ಹೆದರಿದವನಿಗೆ ಕಲಿತದ್ದು ನೆನಪಿರುವುದಿಲ್ಲ.

ಊರಿನ ಆಸ್ಪತ್ರೆಯಿಂದ ಕೇಳಿ ತಂದಿದ್ದ ಗಾಲಿಕುರ್ಚಿಯಲ್ಲಿ ಅಜ್ಜನನ್ನು ಕೂರಿಸಿ, ಕಾಲ ಮೇಲೆ ಕಂಬಳಿ ಹೊದಿಸಿ ತಳ್ಳಿಕೊಂಡು ಹೊರಟ. ಮೋಡ ಕವಿದಿತ್ತು. ಮಳೆ ಬರುವಂತಿತ್ತು, ಬರಲಿಲ್ಲ.

ಮೊದಲ ಓಣಿಯ ಗಣಪತಿಯನ್ನು ಸ್ಟೀಲ್ ಲೋಟಗಳಿಂದ ಮಾಡಿದ್ದರು. ಸೊಂಡಿಲಿಗೆ ಸಣ್ಣ ಲೋಟ, ಹೊಟ್ಟೆಗೆ ದೊಡ್ಡ ಲೋಟ. ಪೂಜೆಯ ಮಣ್ಣಿನ ಮೂರ್ತಿ ಬೇರೆ, ಅದರ ಪಾದದ ಬಳಿ ಚಿಕ್ಕದಾಗಿ ಕೂತಿತ್ತು.

ಅಜ್ಜ ಬಹಳ ಹೊತ್ತು ನೋಡಿದರು.

"ಇಷ್ಟೆಲ್ಲಾ ಲೋಟಾ ಅದಾವು. ಒಂದರಾಗರ ಚಾ ಐತೇನು?" ಎಂದು ಕೇಳಿದರು.

ಪೆಂಡಾಲಿನ ಹುಡುಗರು ನಕ್ಕರು. ಒಬ್ಬ ಓಡಿಹೋಗಿ ಚಹಾ ತಂದ. ಅಜ್ಜ ಲೋಟ ತುಟಿಗೆ ತಾಗಿಸಿ ಹಿಂದಕ್ಕೆ ಕೊಟ್ಟರು. ಒಂದು ಗುಟುಕೂ ಇಳಿಯಲಿಲ್ಲ. ಅದನ್ನು ಕಂಡವನು ಹೊಳೆಬಸಪ್ಪ ಮಾತ್ರ.

"ಯಾವಾಗ ಕಳಸ್ತೀರಪಾ ಇವನ್ನ?" ಎಂದು ಅಜ್ಜ ಹುಡುಗರನ್ನು ಕೇಳಿದರು.

"ಅನಂತ ಚತುರ್ದಶಿಗ್ರಿ ಅಜ್ಜಾರ. ಡೊಳ್ಳು ಹೇಳೇವಿ. ಡ್ಯಾನ್ಸ್ ಜೋರ್ ಇರತೈತಿ, ಬರ್ರಿ."

"ಅಳೂದಿಲ್ಲೇನು?"

ಹುಡುಗರು ಮುಖ ಮುಖ ನೋಡಿಕೊಂಡರು. "ಯಾಕ್ ಅಳೂದ್ರಿ? ಬರೂ ವರ್ಷ ಮತ್ತ ಬರ್ತಾನಲ್ಲ."

ಓಣಿ ದಾಟಿದ ಮೇಲೆ ಅಜ್ಜ ಕತ್ತು ತಿರುಗಿಸದೆಯೇ ಕೇಳಿದರು.

"ಕಣ್ ಮುಚ್ಚಿ ಏನ್ ಬೇಡಿಕೊಂಡಿ?"

"ನಿಮ್ಮ ಆಯುಷ್ಯ."

"ಅಂವಂದೆಷ್ಟು ಐತಿ ಅಂತ ಕೇಳೀಯೇನು?"

ಹೊಳೆಬಸಪ್ಪ ಕುರ್ಚಿಯನ್ನು ಸ್ವಲ್ಪ ಜೋರಾಗಿ ತಳ್ಳಿದ.

ಮುಂದಿನ ಓಣಿಯ ಗಣಪತಿ ರಾಕೆಟ್ಟಿನಲ್ಲಿ ಕೂತಿದ್ದ. ಅದರ ಮುಂದಿನದು ತೆಂಗಿನ ಚಿಪ್ಪಿನದು. ಸರಾಫರ ಓಣಿಯಲ್ಲಿ ಬೆಳ್ಳಿಯ ಕವಚ, ಕನ್ನಡಿಯ ಮಂಟಪ, ಬಣ್ಣ ಬಣ್ಣದ ದೀಪ. ಕನ್ನಡಿಗಳ ತುಂಬ ಗಣಪತಿಯ ಜೊತೆ ಅಜ್ಜನೂ ಕಾಣುತ್ತಿದ್ದರು. ಹಳದಿಯಾದ ಕಣ್ಣು, ಕಡ್ಡಿಯಂಥ ಕೈ. ಎಷ್ಟು ಕನ್ನಡಿಯೋ ಅಷ್ಟು ಅಜ್ಜ.

ಹೊಳೆಬಸಪ್ಪ ಅಲ್ಲಿ ಕಣ್ಣು ಮುಚ್ಚಿದ್ದು ಬೇಡಿಕೊಳ್ಳುವುದಕ್ಕಲ್ಲ. ನೋಡಲಾರದೆ ಮುಚ್ಚಿದ.

ಪ್ರಸಾದ ಹಂಚುತ್ತಿದ್ದ ಹೆಂಗಸೊಬ್ಬಳು ಅಜ್ಜನ ಕೈಗೆ ಮೋದಕ ಇಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಶಿಷ್ಯನ ಕೈಗೆ ದಾಟಿಸಿದರು.

"ತಿನ್ನು. ಮುಂಜಾನಿಂದ ಏನೂ ತಿಂದಿಲ್ಲ ನೀ."

"ನೀವೂ ತಿಂದಿಲ್ಲ."

"ನಂದು ಮುಗದೈತಿ. ನಿಂದು ಇನ್ನೂ ಐತಿ."

ಅವನು ಮೋದಕ ಬಾಯಿಗೆ ಹಾಕಿಕೊಂಡ. ಸಿಹಿ ಎಂಬುದೂ ಗೊತ್ತಾಗಲಿಲ್ಲ.

ಒಂದು ತಿರುವಿನಲ್ಲಿ ಅಜ್ಜ ನೋವಿಗೆ ಮುಂದಕ್ಕೆ ಬಾಗಿದರು. ಹೊಳೆಬಸಪ್ಪ ಕುರ್ಚಿ ನಿಲ್ಲಿಸಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಸಾಕ್ರಿ. ಹಿಂದಕ್ಕ ಹೋಗೂಣು."

"ಹಳೇ ಪ್ಯಾಟಿ ಗಣಪತಿ ನೋಡಲಿಲ್ಲ ಇನ್ನೂ."

ಅವನಿಗೂ ಅಲ್ಲಿಗೆ ಹೋಗಲೇಬೇಕಿತ್ತು. ಹಳೇ ಪೇಟೆಯ ಗಣಪತಿ ಊರಿನಲ್ಲೇ ಹಳಬ, ಬೇಡಿದ್ದನ್ನು ಇಲ್ಲವೆನ್ನದವನು ಎಂದು ಹೆಸರು. ಅನಂತ ಚತುರ್ದಶಿಯ ತನಕ ಇಡದೆ ಅವನನ್ನು ಅಂದೇ ಸಂಜೆ ಕಳಿಸುವವರಿದ್ದರು. ಉಳಿದ ಕಡೆ ಬೇಡಿಕೊಂಡದ್ದು ಬರೀ ಮಾತು. ಅಲ್ಲಿ ಮಾತ್ರ ಹರಕೆ ಹೊರಬೇಕು, ತನ್ನ ಆಯುಷ್ಯದಲ್ಲಿ ಅರ್ಧ ತೆಗೆದು ಅಜ್ಜನಿಗೆ ಕೊಡು ಎನ್ನಬೇಕು ಎಂದು ಅವನು ಬೆಳಗಿನಿಂದ ಎದೆಯಲ್ಲಿಟ್ಟುಕೊಂಡು ಬಂದಿದ್ದ. ಅಜ್ಜನಿಗೆ ಗೊತ್ತಾದರೆ ಬೈಯುತ್ತಾರೆಂದು ಹೇಳಿರಲಿಲ್ಲ.

"ಅಜ್ಜಾರ," ಎಂದ, ಕೂತಲ್ಲಿಂದಲೇ. "ನೀವು ಹೋದ್ರ ನನ್ನ ಬಸ್ಯಾ ಅಂತ ಕರಿಯಾವರು ಯಾರದಾರ?"

ಊರಿನವರಿಗೆಲ್ಲ ಅವನು ಹೊಳೆಬಸಪ್ಪನವರು, ಇಲ್ಲವೇ ಮಠದ ಸ್ವಾಮಿಗಳು. ಬಸ್ಯಾ ಎನ್ನುತ್ತಿದ್ದವರು ಅಜ್ಜ ಒಬ್ಬರೇ.

ಅಜ್ಜ ಅವನನ್ನು ಸಮಾಧಾನ ಮಾಡಲಿಲ್ಲ.

"ಯಾರೂ ಇಲ್ಲ," ಎಂದರು. "ನಡಿ."

ಹಳೇ ಪೇಟೆಯ ಪೆಂಡಾಲಿನಲ್ಲಿ ಜನ ಕಡಿಮೆ ಇದ್ದರು. ಮನುಷ್ಯನೆತ್ತರದ ಮಣ್ಣಿನ ಗಣಪತಿ ಮರದ ಮಣೆಯ ಮೇಲೆ ಕೂತಿದ್ದ. ಕೊರಳಲ್ಲಿ ಮಲ್ಲಿಗೆ, ಕಿವಿಯ ಮೇಲೆ ಗರಿಕೆ. ಕಣ್ಣು ನೋಡುವವರನ್ನೇ ನೋಡುತ್ತಿದ್ದಂತಿತ್ತು.

ಹೊಳೆಬಸಪ್ಪ ಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿದ. ನೆಲದ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಹೇಳಬೇಕಾದದ್ದನ್ನೆಲ್ಲ ಹೇಳಿದ. ಅರ್ಧ ಬೇಡ, ಎಷ್ಟು ಬೇಕೋ ಅಷ್ಟು ತೆಗೆದುಕೋ ಎಂದ. ಹೇಳುತ್ತ ಹೇಳುತ್ತ ಅವನ ಹಣೆಯ ಕೆಳಗಿನ ನೆಲ ಒದ್ದೆಯಾಯಿತು.

ಅವನು ಏಳುವ ತನಕ ಯಾರೋ ಕಾದಿದ್ದರು. ಎದ್ದಾಗ ಪಕ್ಕದಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು ನಿಂತಿದ್ದರು. ಆ ಗಣಪತಿಯ ಪೂಜೆ ಅವರ ಮನೆಯದು. ಹೆಸರು ಅನಂತಭಟ್ಟರು.

"ತಪ್ಪ ತಿಳೀಬ್ಯಾಡ್ರಿ," ಎಂದರು ಅವರು ಮೆಲ್ಲಗೆ. "ಪೂಜಾ ಮುಗದೈತ್ರಿ. ಕದಲಿಸೇವಿ."

ಕದಲಿಸುವುದೆಂದರೆ ಏನೆಂದು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಹೊಳೆಬಸಪ್ಪ ಮುಂದೆ ಮಾಡಿದ್ದು ಯಾಕೆ ಎಂಬುದು ತಿಳಿಯುವುದಿಲ್ಲ. ಹಬ್ಬದ ದಿನ ಮಂತ್ರ ಹೇಳಿ ಮಣ್ಣಿನ ಮೂರ್ತಿಯಲ್ಲಿ ಪ್ರಾಣ ತುಂಬುತ್ತಾರೆ. ಕಳಿಸುವ ದಿನ ಕೊನೆಯ ಆರತಿ ಎತ್ತಿ, ಕೂತ ಜಾಗದಿಂದ ಮೂರ್ತಿಯನ್ನು ಚೂರು ಉತ್ತರಕ್ಕೆ ಸರಿಸುತ್ತಾರೆ. ಸರಿಸಿದ ಗಳಿಗೆಗೆ ದೇವರು ಹೋದ. ಆಮೇಲೆ ಉಳಿದದ್ದು ಮಣ್ಣು. ಕೆರೆಗೆ ಒಯ್ಯುವುದು ಆ ಮಣ್ಣನ್ನು.

"ಸಂಜೀಕ ಅಲ್ಲೇನ್ರಿ ಕಳಸೂದು?" ಎಂದ ಹೊಳೆಬಸಪ್ಪ.

"ಇವತ್ತ ರವಿವಾರ. ಸಂಜೀಕ ರಾಹುಕಾಲ ಬರತೈತಿ ಅಂತ ಮೊದಲಽ ಮುಗಿಸಿದ್ವಿ. ಈಗ ಎತ್ತೂದಷ್ಟ ಬಾಕಿ."

"ಹಂಗಾರ ನಾ ಬೇಡಿಕೊಂಡಿದ್ದು?"

ಭಟ್ಟರು ನೆಲ ನೋಡಿದರು.

"ಹೂವು ಬಾಡಿಲ್ಲ," ಎಂದ ಹೊಳೆಬಸಪ್ಪ. "ಕಣ್ಣು ಹಂಗಽ ಅದಾವು. ಇನ್ನೊಮ್ಮೆ ಮಂತ್ರಾ ಹೇಳ್ರಿ. ಒಂದ್ ಗಳಿಗಿ ಸಾಕು. ನಾ ಹೇಳೂದು ಹೇಳಿ ಮುಗಸ್ತೇನಿ."

"ಹಂಗ ಹಿಂದಕ್ಕ ಬರೂದಿಲ್ರಿ ಸ್ವಾಮ್ಯಾರ."

ಓಣಿಯವರು ಮಣೆಗೆ ಕೈ ಹಾಕಿ ಎತ್ತಲು ಬಂದರು. ಹೊಳೆಬಸಪ್ಪ ಮಣೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಎತ್ತಗೊಡಲಿಲ್ಲ. ಮಠದವನೆಂಬ ಮರ್ಯಾದೆಗೆ ಯಾರೂ ಅವನ ಕೈ ಬಿಡಿಸಲಿಲ್ಲ. ಹಾಗೆಯೇ ಸುತ್ತ ನಿಂತರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ, "ಮಠದವರಽ ಹಿಂಗ ಮಾಡಿದ್ರ ನಾವೇನ್ ಮಾಡೂದೋ," ಎಂದದ್ದು ಎಲ್ಲರಿಗೂ ಕೇಳಿಸಿತು.

ಅಜ್ಜ ಕುರ್ಚಿಯಲ್ಲಿ ಕೂತು ಇದೆಲ್ಲವನ್ನೂ ನೋಡುತ್ತಿದ್ದರು. ಅವರು ಮಾತಾಡಿದ್ದು ಶಿಷ್ಯನ ಜೊತೆಗಲ್ಲ, ಭಟ್ಟರ ಜೊತೆ.

"ಕದಲಿಸುವಾಗ ಕೈ ಹಚ್ಚಾವರು ಯಾರ್ರಿ?"

"ಇಷ್ಟ್ ದಿನಾ ಯಾರು ಪೂಜಾ ಮಾಡ್ಯಾರೋ ಅವರಽ ಹಚ್ಚಬೇಕ್ರಿ. ಬ್ಯಾರೆ ಯಾರೂ ಮುಟ್ಟಂಗಿಲ್ಲ."

"ಭಾಳ ಜೋರ್ ಹಚ್ಚಿ ನೂಕಬೇಕೇನು?"

"ಇಲ್ರಿ. ಒಂದ್ ಬೆರಳಷ್ಟ ಸರದ್ರ ಸಾಕು. ನಮ್ಮಪ್ಪಗ ಅಷ್ಟೂ ಆಗತಿದ್ದಿಲ್ಲ. ಹೂವಿನಂಗ ನೋಡಿಕೊಂಡಾಂವ ನಾನು, ನಾನಽ ಹೆಂಗ ನೂಕಲಿ ಅಂತ ಕುಂತಬಿಡತಿದ್ದ. ಒಂದ್ ವರ್ಷ ಕತ್ತಲಾತು. ಇಡೀ ಓಣಿ ಕಾಯ್ಕೋತ ನಿಂತಿತ್ತು."

"ಆಮ್ಯಾಲೆ?"

"ಆಮ್ಯಾಲೆ ಅಂವನಽ ಮಾಡಿದ. ಇನ್ಯಾರ್ ಮಾಡ್ಬೇಕ್ರಿ?"

ಹೊಳೆಬಸಪ್ಪನ ಕೈ ಮಣೆಯ ಮೇಲೆ ಸಡಿಲವಾಯಿತು. ಅವನು ಹಿಂದಕ್ಕೆ ಸರಿದ. ಜನ ಗಣಪತಿಯನ್ನು ಎತ್ತಿ ಹೊರಗೆ ಒಯ್ದರು. ಗಣಪತಿ ಕೂತಿದ್ದ ಜಾಗದಲ್ಲಿ ನಾಲ್ಕು ಕಾಳು ಅಕ್ಷತೆ, ಒಂದು ಎಸಳು ಗರಿಕೆ ಉಳಿದಿತ್ತು.

ಮಠಕ್ಕೆ ಹಿಂತಿರುಗುವಾಗ ದಾರಿಯಲ್ಲಿ ಇನ್ನೂ ಕೆಲವು ಗಣಪತಿಗಳಿದ್ದರು. ಹೊಳೆಬಸಪ್ಪ ಎಲ್ಲೂ ನಿಲ್ಲಲಿಲ್ಲ, ಏನನ್ನೂ ಬೇಡಲಿಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿ ಅಜ್ಜನನ್ನು ಮಲಗಿಸಿದ. ಬಟ್ಟೆ ಒದ್ದೆ ಮಾಡಿ ತುಟಿ ಒರೆಸಿದ. ಹೊರಗೆ ಕೆರೆಯ ಕಡೆಯಿಂದ ಡೊಳ್ಳಿನ ಸದ್ದು ಬರುತ್ತಿತ್ತು. ಒಂದು ಗಣಪತಿ ನೀರಿಗಿಳಿದಾಗ ಸದ್ದು ನಿಲ್ಲುತ್ತಿತ್ತು, ಇನ್ನೊಂದು ಬಂದಾಗ ಮತ್ತೆ ಶುರುವಾಗುತ್ತಿತ್ತು.

ಅಜ್ಜ ಕಣ್ಣು ತೆರೆದರು.

"ಗಣಪತಿ ನೋಡಿದ್ದಾತು. ಮಾತು ಕೊಟ್ಟೇನಿ. ಈಗ ನೀ ಹೇಳು. ನಾ ಏನ್ ಮಾಡ್ಲಿ?"

ಹೊಳೆಬಸಪ್ಪನಿಗೆ ಬೆಳಿಗ್ಗೆ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ನಾಳೆ ಗಾಡಿ ಹತ್ತಬೇಕು, ಅಷ್ಟೇ ಉತ್ತರ. ಅಜ್ಜ ತಪ್ಪಿಸಿಕೊಳ್ಳುವವರಲ್ಲ. ಅವನು ಹತ್ತಿ ಎಂದರೆ ಹತ್ತುತ್ತಾರೆ. ದಾರಿಯಲ್ಲೋ, ಗುರುತಿಲ್ಲದ ಊರಿನ ಮಂಚದ ಮೇಲೋ, ಮೂಗಿಗೆ ನಳಿಕೆ ಹಾಕಿಸಿಕೊಂಡು, ಅವನ ಮಾತು ನಡೆಸಿಕೊಡುತ್ತಾರೆ. ಅದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಬೇಡವೆಂದರೂ ಕಾಣಿಸಿತು.

ಅಜ್ಜನ ಪಾದ ತೊಡೆಯ ಮೇಲಿಟ್ಟುಕೊಂಡು ಕೂತ. ಬಾತ ಪಾದ ಒತ್ತಿದರೆ ಬೆರಳ ಗುರುತು ಹಾಗೇ ಉಳಿಯುತ್ತಿತ್ತು. ಒತ್ತುವುದನ್ನು ಬಿಟ್ಟ. ಸುಮ್ಮನೆ ಹಿಡಿದುಕೊಂಡ.

ಬಾಗಿಲಿನ ಬೆಳಕು ಕಂದಿತು. ಕೆರೆಯ ದಂಡೆ ಮಸುಕಾಯಿತು.

ಆಮೇಲೆ ಅವನು ಎದ್ದು ಅಂಗಳಕ್ಕೆ ಹೋದ. ಬೇವಿನ ಮರದ ಕೆಳಗೆ ನಿಂತು ಫೋನು ಮಾಡಿದ. ಆ ಕಡೆಯವನಿಗೆ ಡೊಳ್ಳಿನ ಸದ್ದಿಗೆ ಕೇಳಿಸದೆ ಎರಡೆರಡು ಸಲ ಹೇಳಬೇಕಾಯಿತು.

"ನಾಳೆ ಬರೂದ್ ಬ್ಯಾಡ್ರಿ," ಎಂದ. "ಹೌದ್ರಿ, ಬ್ಯಾಡ. ಇಲ್ಲಾ, ನಾಡದ್ದೂ ಬ್ಯಾಡ."

ಒಳಗೆ ಬಂದು ಅಜ್ಜನ ತಲೆಯ ಬಳಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಆ ಕೈಗಳಿಗೆ ಏನಾದರೊಂದು ಕೆಲಸ ಇದ್ದೇ ಇತ್ತು.

"ಗಾಡಿ ಬ್ಯಾಡ ಅಂದೆ," ಎಂದ.

"ಕೇಳಿಸ್ತು."

"ಅಜ್ಜಾರ, ನಾ ಈಗ ಏನ್ ಮಾಡ್ಲಿ?"

ಅಜ್ಜ ಅವನ ಮುಖವನ್ನು ನೋಡಿದರು. ಆಮೇಲೆ ಗೋಡೆಯ ಕಡೆ, ಉತ್ತರದ ಕಡೆ, ನೋಡಿದರು.

"ಚಾಪಿಗೆ ಕೈ ಹಚ್ಚು," ಎಂದರು. "ಒಂದ್ ಬೆರಳಷ್ಟ ಸರಸು."