ಕೊಟ್ಟಿಗೆಯಲ್ಲಿ ಉಳಿದ ಮಾತು

“ಗುರುಗಳೇ, ನನ್ನ ತಂದೆಯ ಮಾತು ಒಂದು, ತಾಯಿಯ ಮಾತು ಇನ್ನೊಂದು. ನನಗೆ ಎರಡೂ ಬರುವುದಿಲ್ಲ. ತಾಯಿಯ ತವರಿಗೆ ಹೋದೆ. ಬಾಯಿ ತೆರೆದ ಕೂಡಲೇ ನಕ್ಕರು, ಇವನು ನಮ್ಮವನಲ್ಲ ಎಂದರು. ತಂದೆಯ ಊರಿನಲ್ಲೂ ಅದೇ ಆಯಿತು. ಹಾಗಾದರೆ ನಾನು ಯಾರ ಕಡೆಯವನು?”

ಹೀಗೆಂದು ಶಿಷ್ಯ ಕೇಳಿದ. ಗುರುಗಳು ಸಮಾಧಾನದ ಮಾತು ಆಡಲಿಲ್ಲ. ಕುಳಿತುಕೋ ಎಂದು ಕೈಸನ್ನೆ ಮಾಡಿ ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಕಡಲ ಕಡೆಯವನು. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬೆಟ್ಟದ ಊರುಗಳಿಗೆ ಹೋಗುತ್ತಿದ್ದ. ಅಲ್ಲಿ ಒಬ್ಬ ಹೆಣ್ಣನ್ನು ಮೆಚ್ಚಿದ. ಅವಳೂ ಅವನನ್ನು ಮೆಚ್ಚಿದಳು. ಅವನ ಮಾತು ಅವಳಿಗೆ ತಿಳಿಯದು, ಅವಳ ಮಾತು ಅವನಿಗೆ ತಿಳಿಯದು. ಇಬ್ಬರಿಗೂ ಬರುತ್ತಿದ್ದದ್ದು ಪೇಟೆಯ ಮಾತು. ಮದುವೆಗೆ ಅಷ್ಟು ಸಾಕಾಯಿತು. ಬೆಟ್ಟದ ಬುಡದ ಪೇಟೆಯಲ್ಲಿ ಮನೆ ಹೂಡಿದರು.

ಮನೆ ಹೊಕ್ಕ ದಿನವೇ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಅವನ ಮಾತು ಮನೆಯಲ್ಲಿ ಆಡಿದರೆ ಅವಳು ಹೊರಗಿನವಳಾಗುತ್ತಾಳೆ. ಅವಳ ಮಾತು ಆಡಿದರೆ ಅವನು ಹೊರಗಿನವನಾಗುತ್ತಾನೆ. ಆದ್ದರಿಂದ ಹೊಸ್ತಿಲೊಳಗೆ ಇಬ್ಬರ ಮಾತೂ ಬೇಡ, ಪೇಟೆಯ ಮಾತೇ ಇರಲಿ. ಒಳ್ಳೆಯವರು, ನೋಡು. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಬಾರದೆಂದೇ ಹೀಗೆ ಮಾಡಿದರು. ಕೆಟ್ಟವರು ತಪ್ಪು ಮಾಡಿದರೆ ಬೈಯಲು ನಾಲ್ಕು ಜನ ಬರುತ್ತಾರೆ. ಒಳ್ಳೆಯವರು ಮಾಡಿದರೆ ಊರೆಲ್ಲ ತಲೆದೂಗುತ್ತದೆ. ಇನ್ನು ತಿದ್ದುವವರು ಯಾರು?

ಅವರಿಗೆ ಒಬ್ಬಳೇ ಮಗಳು. ಪೇಟೆಯ ಮಾತನ್ನು ಅರಳು ಹುರಿದಂತೆ ಆಡುತ್ತಿದ್ದಳು. ಬೆಟ್ಟದಿಂದ ತಾಯಿಯ ಅಪ್ಪ ಬರುತ್ತಿದ್ದ. ಕಡಲ ಕಡೆಯಿಂದ ತಂದೆಯ ಅಮ್ಮ ಬರುತ್ತಿದ್ದಳು. ಮಗಳು ಅವರಿಗೆ ನೀರು ಕೊಟ್ಟು ನಗುತ್ತಿದ್ದಳು. ಅವರೂ ಅವಳ ತಲೆ ಸವರಿ ನಗುತ್ತಿದ್ದರು. ಬರೀ ನಗುತ್ತಾ ಎಷ್ಟು ಹೊತ್ತು ಕೂರಲಾಗುತ್ತದೆ? ಬರಬರುತ್ತಾ ಅವರು ಬರುವುದು ಕಡಿಮೆಯಾಯಿತು.

ಒಮ್ಮೆ ಮಗಳು ಕೇಳಿದಳು: “ಅಮ್ಮಾ, ನಿನ್ನ ಊರಿನ ಮಾತು ನನಗೂ ಕಲಿಸು.”

“ಕಲಿತು ಯಾರ ಹತ್ತಿರ ಆಡುತ್ತೀಯೇ? ಪೇಟೆಯ ಹುಡುಗಿಯರು ಆಡಿಕೊಂಡು ನಗುತ್ತಾರೆ. ಸುಮ್ಮನಿರು,” ಎಂದಳು ತಾಯಿ.

ಮಗಳು ಸುಮ್ಮನಾದಳು. ಮತ್ತೆ ಕೇಳಲಿಲ್ಲ. ಆ ಒಂದು ಸಲ ಅವಳು ಹಟ ಹಿಡಿಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ವರ್ಷಗಳು ಕಳೆದವು. ವ್ಯಾಪಾರಿ ಮೊದಲು ತೀರಿಕೊಂಡ. ಕಡಲ ಕಡೆಯವರು ಬಂದು ತಮ್ಮ ಮಾತಿನಲ್ಲಿ ಅತ್ತು ಹೋದರು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ತನ್ನ ತಂದೆಯನ್ನು ಏನೆಂದು ನೆನೆದು ಅತ್ತರೋ, ಅವಳಿಗೆ ತಿಳಿಯಲೇ ಇಲ್ಲ.

ಆಮೇಲೆ ತಾಯಿ ಕಾಯಿಲೆ ಬಿದ್ದಳು. ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗು ಎಂದಳು. ಮಗಳು ಕರೆದೊಯ್ದಳು. ತವರು ಸೇರಿದ ಒಂಬತ್ತನೆಯ ದಿನ ತಾಯಿ ಕಣ್ಣು ಮುಚ್ಚಿದಳು.

ಆ ಬೆಟ್ಟದವರಲ್ಲಿ ಒಂದು ಪದ್ಧತಿ ಇತ್ತು. ಸತ್ತವರು ದಿಕ್ಕು ತಿಳಿಯದೆ ಅಂಗಳದಲ್ಲೇ ನಿಂತಿರುತ್ತಾರೆ ಎಂದು ಅವರ ನಂಬಿಕೆ. ಹೆಣ ಎತ್ತುವ ಮೊದಲು ಹೊಟ್ಟೆಯಲ್ಲಿ ಹುಟ್ಟಿದವರು ಹೊಸ್ತಿಲಲ್ಲಿ ನಿಂತು ಅವರನ್ನು ಕರೆಯಬೇಕು. ಬೆಟ್ಟದ ಮಾತಿನಲ್ಲೇ ಕರೆಯಬೇಕು. ಬೇರೆ ಮಾತಿಗೆ ಸತ್ತವರು ತಿರುಗಿ ನೋಡುವುದಿಲ್ಲ.

ಊರ ಹಿರಿಯ ಮಗಳ ಬಳಿಗೆ ಬಂದು ಪೇಟೆಯ ಮಾತಿನಲ್ಲಿ ಹೇಳಿದ: “ನಿನಗೆ ನಮ್ಮ ಮಾತು ಬಾರದಲ್ಲ ತಾಯಿ. ಮಕ್ಕಳಿಲ್ಲದೆ ಹೋದವರನ್ನು ತಂಗಿಯ ಮಗಳು ಕರೆಯುವುದುಂಟು. ಹಾಗೇ ಮಾಡಿಬಿಡೋಣ.”

ಅವನು ಕನಿಕರದಿಂದಲೇ ಹೇಳಿದ. ಆದರೆ ಆ ಮಾತಿನಿಂದ ಅವಳ ತಾಯಿ ಬಂಜೆಯಾದಳು. ಮಗಳು ಎದ್ದುಹೋಗಿ ಹೊಸ್ತಿಲಲ್ಲಿ ನಿಂತಳು. ಅಂಗಳದ ಕಡೆ ಮುಖ ಮಾಡಿ, ಬೆಟ್ಟದ ಮಾತಿನಲ್ಲೇ ಕರೆದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಇಷ್ಟೇ: “ಬಾ. ಮೆಲ್ಲಗೆ ಬಾ. ಹೆದರಬೇಡ. ನೀರು ಕುಡಿ. ನಾನು ಇಲ್ಲೇ ಇದ್ದೇನೆ.”

ನೆರೆದವರು ಮುಖ ಮುಖ ನೋಡಿಕೊಂಡರು.

“ಇದು ದನಕ್ಕೆ ಹೇಳುವ ಮಾತು,” ಎಂದ ಹಿರಿಯ.

ನಿಜ, ದನಕ್ಕೆ ಹೇಳುವ ಮಾತೇ. ತಾಯಿ ಒಪ್ಪಂದವನ್ನು ಒಂದು ದಿನವೂ ಮುರಿದವಳಲ್ಲ. ಆದರೆ ಕೊಟ್ಟಿಗೆ ಹೊಸ್ತಿಲಿನ ಆಚೆ ಇತ್ತು. ಹಾಲು ಹಿಂಡಲು ಕೂತಾಗ ಹಸುವಿನ ಹತ್ತಿರ ತನ್ನ ಮಾತು ಆಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕರು ಹಿಡಿದುಕೊಂಡು ನಿಲ್ಲುತ್ತಿದ್ದವಳು ಮಗಳು. ಹಸುವಿಗೆ ಸಿಕ್ಕಿದ್ದರಲ್ಲಿ ಅವಳಿಗೂ ಒಂದಿಷ್ಟು ಸಿಕ್ಕಿತ್ತು.

ತಾಯಿಗೆ ಹೇಳಬೇಕಾದದ್ದು ಒಂದು ಜನ್ಮಕ್ಕಾಗುವಷ್ಟಿತ್ತು. ಕೈಯಲ್ಲಿದ್ದದ್ದು ಐದು ಮಾತು. ಅವನ್ನೇ ಮತ್ತೊಮ್ಮೆ ಹೇಳಿದಳು. ಮೂರನೆಯ ಸಲವೂ ಹೇಳಿದಳು. ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ಜನ ನಕ್ಕರೆಂದು ಅಳಲಿಲ್ಲ. ಯಾರೂ ನಗಲೂ ಇಲ್ಲ. ಆರನೆಯ ಮಾತು ಇಲ್ಲವಲ್ಲ ಎಂದು ಅತ್ತಳು.

ಹಿರಿಯ ತಂಗಿಯ ಮಗಳನ್ನು ಕರೆಯಲು ಹೊರಟ. ಚಿಕ್ಕಮ್ಮ ಅವನಿಗೆ ಅಡ್ಡ ಬಂದಳು.

“ಯಾರೂ ಬೇಡ. ಥೇಟ್ ಅಕ್ಕನೇ ಮಾತಾಡಿದ ಹಾಗಿದೆ,” ಎಂದಳು. “ಎತ್ತಿರಿ.”

ಹೆಣ ಎತ್ತಿದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆಮೇಲೆ ಬೆಟ್ಟದವರು ಅವಳನ್ನು ತಮ್ಮವಳೆಂದು ಒಪ್ಪಿದರೇ, ಗುರುಗಳೇ?”

“ಅವಳು ಅದನ್ನು ಕೇಳಲಿಲ್ಲ,” ಎಂದು ಗುರುಗಳು ಅವನ ಮುಖವನ್ನೇ ನೋಡಿದರು. “ನಿನ್ನ ತಾಯಿ ಇನ್ನೂ ಬದುಕಿದ್ದಾಳಲ್ಲ, ನೀನು ನನ್ನ ಮುಂದೆ ಯಾಕೆ ಕುಳಿತಿದ್ದೀಯ?”