ನಾಲ್ಕನೆಯ ಹೋಸ್ ಪೈಪು

ಹಳೇ ಲಾರಿಯೊಂದಕ್ಕೆ ಒಂದೇ ತಿಂಗಳಲ್ಲಿ ಹಾಕಿದ ಮೂರು ಹೋಸ್ ಪೈಪು ಒಡೆದು, ಎಂಜಿನ್ ತಣಿಸುವ ಕೂಲೆಂಟ್ ನೀರು ಸೋರಿಸಿ, ಶೆಡ್ಡಿನ ಮೂಲೆ ಸೇರಿದ್ದವು. ಘಟ್ಟ ಹತ್ತುವಾಗ ನಾಲ್ಕನೆಯದೂ ಸೀಳಿತು. ಡ್ರೈವರ್ ಗುರುಶಾಂತ ಸೀಳಿಗೆ ಟ್ಯೂಬಿನ ಪಟ್ಟಿ ಸುತ್ತಿ, ಸೋರಿಕೆ ನಿಲ್ಲಲೆಂದು ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಸುರಿದು, ಲಾರಿಯನ್ನು ಶೆಡ್ಡಿಗೆ ತಂದ.

“ಕಸುವಿಲ್ಲದವನೇ, ನನ್ನ ಮಾನ ಕಳೆದೆ,” ಎಂದಿತು ಎಂಜಿನ್. “ಹೋಗಿ ಮೂಲೆ ಸೇರು.”

“ಹೋಗುತ್ತೇನೆ, ತಪ್ಪು ಮಾತ್ರ ಒಪ್ಪಿಕೊಳ್ಳುವುದಿಲ್ಲ,” ಎಂದಿತು ಪೈಪು. “ಸುಟ್ಟಿರುವುದು ನಿಮ್ಮ ತಲೆಯಡಿಯ ಗ್ಯಾಸ್ಕೆಟ್ ಹಾಳೆ. ಒಳಗಿನ ಉರಿಗಾಳಿಯನ್ನೆಲ್ಲ ನಮ್ಮೊಳಗೆ ಊದುತ್ತೀರಿ. ಐದನೆಯವನೂ ಒಡೆಯುತ್ತಾನೆ.”

“ನನಗೆ ಹೇಳಲು ನೀನು ಯಾರು?”

“ನಿಮ್ಮ ಬಿಸಿ ಉಂಡವನು.”

ಮೇಸ್ತ್ರಿ ದಾವಲಸಾಬ ಹೊಸ ಪೈಪು ಹಿಡಿದು ಬಂದವನು ಮೂಲೆಯ ಮೂರನ್ನೂ ನೋಡಿ ನಿಂತ. ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, “ಸ್ಟಾರ್ಟ್ ಮಾಡು ಗುರುಶಾಂತ,” ಎಂದ. ಹಳದಿ ನೀರು ಗುಳುಗುಳು ಗುಳ್ಳೆಯೆದ್ದು ಅವನ ಅಂಗಿಗೇ ಉಕ್ಕಿತು.

“ಪೈಪಿನ ತಪ್ಪಲ್ಲಪ್ಪ, ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು,” ಎಂದ.

ಸಂಜೆಗೆ ಎಂಜಿನ್ನಿನ ಭಾರದ ತಲೆ ಮೂಲೆಗೆ ಬಂತು. “ಸ್ವಲ್ಪ ಸರಿಯಿರಿ,” ಎಂದಿತು.

ಒಡೆದ ನಾಲ್ಕೂ ಪೈಪುಗಳು ಅಲುಗಲಿಲ್ಲ. “ನಾವು ಮೊದಲು ಬಂದವರು,” ಎಂದವು.